ಕನ್ನಡಿಯಾಗಲು ಒಲ್ಲದ ಜೀವಿಗಳು

ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ, ಸುಮಾರು 1,400 ಮೀಟರ್ ಆಳದ ಬಂಡೆಯೊಂದಕ್ಕೆ ಅಂಟಿಕೊಂಡು ಮೊಟ್ಟೆ ಕಾಯುತ್ತಿದ್ದ ಆಕ್ಟೋಪಸ್ ಒಂದನ್ನು ವಿಜ್ಞಾನಿಗಳು 2007ರ ಮೇ ತಿಂಗಳಲ್ಲಿ ಕಂಡರು. ಮತ್ತೆ ಮತ್ತೆ ಹೋಗಿ ನೋಡಿದರು. ಮೈಮೇಲಿನ ಗಾಯದ ಕಲೆಗಳೇ ಗುರುತು. ಅದೇ ತಾಯಿ, ಅದೇ ಬಂಡೆ. ಬರಬರುತ್ತ ಮೈ ಬಿಳಿಚಿತು, ಕಣ್ಣು ಮಬ್ಬಾಯಿತು, ಚರ್ಮ ಜೋತುಬಿತ್ತು. ಯಂತ್ರದ ಕೈಯಿಂದ ಏಡಿಯ ತುಂಡು ಒಡ್ಡಿದರೆ ಅದನ್ನೂ ಮುಟ್ಟಲಿಲ್ಲ. 53 ತಿಂಗಳ ಮೇಲೆ, 2011ರ ಅಕ್ಟೋಬರ್‌ನಲ್ಲಿ ಹೋದಾಗ ಬಂಡೆಯ ಮೇಲೆ ಉಳಿದಿದ್ದದ್ದು ಮರಿಗಳು ಒಡೆದು ಹೊರಟ ಖಾಲಿ ಮೊಟ್ಟೆಗಳ ಸಿಪ್ಪೆ ಮಾತ್ರ.

ಸಬ್ರಿನಾ ಇಂಬ್ಲರ್ ಅವರ ‘ಹೌ ಫಾರ್ ದ ಲೈಟ್ ರೀಚಸ್’ (2022) ಪುಸ್ತಕದಲ್ಲಿ ಈ ಆಕ್ಟೋಪಸ್ಸಿನ ಪಕ್ಕದಲ್ಲಿ ಲೇಖಕರ ತಾಯಿ ಬಂದು ನಿಲ್ಲುತ್ತಾರೆ. ತೆಳ್ಳಗಿರಬೇಕೆಂಬ ಹಂಬಲಕ್ಕೆ ತಾವೂ ಊಟ ಬಿಟ್ಟು, ಮಗುವಿಗೂ ಆ ಹಂಬಲವನ್ನು ದಾಟಿಸಿದ ತಾಯಿ. ಇಂಬ್ಲರ್ ವೃತ್ತಿಯಿಂದ ವಿಜ್ಞಾನ ಪತ್ರಕರ್ತರು. ತಾಯಿ ಚೀನೀ ಮೂಲದವರು, ತಂದೆ ಬಿಳಿಯರು. ಇಂಬ್ಲರ್ ತಮ್ಮನ್ನು ಕ್ವೀರ್ ಎಂದು ಕರೆದುಕೊಳ್ಳುತ್ತಾರೆ. ಗಂಡು ಹೆಣ್ಣೆಂಬ ಎರಡು ಖಾನೆಗಳೂ ತಮಗೆ ಸಾಲವು ಎನ್ನುವವರು. ಹತ್ತು ಪ್ರಬಂಧ, ಹತ್ತು ಕಡಲಜೀವಿ, ಒಂದೊಂದಕ್ಕೂ ಹೆಣೆದುಕೊಂಡ ಬಾಳಿನ ಒಂದೊಂದು ಎಳೆ. (ಕಡಲಜೀವಿಗಳ ನಡುವೆ ಗೋಲ್ಡ್‌ಫಿಶ್ ಹೇಗೆ ನುಸುಳಿತೋ ಗೊತ್ತಿಲ್ಲ, ಆದರೆ ಆ ಪ್ರಬಂಧ ಚೆನ್ನಾಗಿದೆ.)

ಪಂಚತಂತ್ರ ಕೇಳಿ ಬೆಳೆದ ನಮಗೆ ಪ್ರಾಣಿಯ ಬಾಯಲ್ಲಿ ಮನುಷ್ಯನ ಮಾತು ಹೊಸದಲ್ಲ. ಅಲ್ಲಿ ನರಿಗೆ ನರಿಯಾಗಿ ಬದುಕುವ ಹಂಗಿಲ್ಲ. ಆದರೆ ಇಂಬ್ಲರ್ ಹಿಡಿದಿರುವುದು ನಿಜವಾದ ಜೀವಶಾಸ್ತ್ರವನ್ನು, ಹಾಗಾಗಿ ಹೋಲಿಕೆ ಎಲ್ಲಿ ತುಂಡಾಗುತ್ತದೆ ಎಂದೂ ಕೇಳಬೇಕಾಗುತ್ತದೆ. ಆಕ್ಟೋಪಸ್ ಉಪವಾಸಕ್ಕೆ ಕೂರುವುದು ಕಣ್ಣಿನ ಹಿಂದಿನ ಪುಟ್ಟ ಗ್ರಂಥಿಯ ಅಪ್ಪಣೆಯಂತೆ. 1977ರಲ್ಲಿ ಜೆರೋಮ್ ವೊಡಿನ್‌ಸ್ಕಿ ಬೇರೊಂದು ಜಾತಿಯ ತಾಯಿ ಆಕ್ಟೋಪಸ್‌ಗಳಲ್ಲಿ ಆ ಗ್ರಂಥಿ ತೆಗೆದಾಗ ಅವು ಕಾವಲು ಬಿಟ್ಟು ಮತ್ತೆ ತಿನ್ನತೊಡಗಿದವು, ಹೆಚ್ಚು ಕಾಲ ಬದುಕಿದವು. ಅಮೆರಿಕಕ್ಕೆ ಬಂದ ಹೆಣ್ಣೊಬ್ಬಳು ತೆಳ್ಳಗಾಗಲು ಹೊಟ್ಟೆ ಕಟ್ಟಿದ್ದರಲ್ಲಿ ಯಾವ ಗ್ರಂಥಿಯ ಅಪ್ಪಣೆಯೂ ಇಲ್ಲ. ಅಲ್ಲಿರುವುದು ಸುತ್ತಲಿನ ಬಿಳಿಯ ಜನರ ಕಣ್ಣು. ಎರಡೂ ಹಸಿವನ್ನು ‘ತಾಯ್ತನದ ತ್ಯಾಗ’ ಎಂಬ ಒಂದೇ ನೂಲಿನಲ್ಲಿ ಪೋಣಿಸಿಬಿಟ್ಟರೆ ಆ ಕಣ್ಣು ಬಚಾವಾಗುತ್ತದೆ. ಇಂಬ್ಲರ್‌ಗೆ ಇದರ ಅರಿವಿದೆ, ಆದರೂ ಹೋಲಿಕೆಯ ಚೆಲುವಿಗೆ ಅವರು ಸ್ವಲ್ಪ ಸೋತಿದ್ದಾರೆ ಎಂದೇ ನನ್ನ ಅನಿಸಿಕೆ.

ತಮ್ಮ ಅಜ್ಜಿಯ ಕುರಿತು ಇಂಬ್ಲರ್ ಬರೆದ ಪ್ರಬಂಧ ಈ ಗಂಡಾಂತರದಿಂದ ಪಾರಾಗಿದೆ. ಜಪಾನಿ ಆಕ್ರಮಣದ ಕಾಲದಲ್ಲಿ ಶಾಂಘೈ ಬಿಟ್ಟು ಓಡಿದ ಹುಡುಗಿ ಒಂದು ಕಡೆ; ಕಡಲಿನಿಂದ ಯಾಂಗ್‌ಟ್ಸೆ ನದಿಯ ಮೇಲ್ಭಾಗಕ್ಕೆ ಈಜಿ ಮೊಟ್ಟೆಯಿಡುತ್ತಿದ್ದ ಚೀನೀ ಸ್ಟರ್ಜನ್ ಮೀನು ಇನ್ನೊಂದು ಕಡೆ. 1981ರಲ್ಲಿ ಗೆಝೌಬಾ ಅಣೆಕಟ್ಟು ಆ ದಾರಿಯನ್ನು ಕಡಿದುಹಾಕಿತು. ಅಜ್ಜಿ ಮೀನಿನ ಹಾಗೆ ಎಂದು ಒಪ್ಪಿಸುವ ಕಷ್ಟವನ್ನು ಲೇಖಕರು ತೆಗೆದುಕೊಳ್ಳಬೇಕಿಲ್ಲ. ನದಿ ಒಂದೇ, ದೇಶ ಒಂದೇ, ಇಬ್ಬರಿಗೂ ಮರಳುವ ದಾರಿ ಮುಚ್ಚಿದೆ. ಚರಿತ್ರೆಯೇ ನಂಟು ಬೆಸೆದಿದೆ.

ಯೇತಿ ಏಡಿಯದೂ ಗೆದ್ದ ಪ್ರಬಂಧ. ಕೋಸ್ಟರೀಕಾದ ಆಚೆ, ಸಮುದ್ರತಳದ ಬಿರುಕಿನಿಂದ ಮೀಥೇನ್ ಜಿನುಗುವಲ್ಲಿ ಬಾಳುವ ಒಂದು ಜಾತಿಯ ಯೇತಿ ಏಡಿ ತನ್ನ ರೋಮದ ಕೊಂಡಿಗಳನ್ನು ಲಯಬದ್ಧವಾಗಿ ಬೀಸುತ್ತಲೇ ಇರುತ್ತದೆ. ರೋಮಗಳ ಮೇಲೆ ಬೆಳೆದ ಬ್ಯಾಕ್ಟೀರಿಯಾಕ್ಕೆ ಅದರಿಂದ ಮೇವು ಸಿಗುತ್ತದೆ, ಆಮೇಲೆ ಆ ಬ್ಯಾಕ್ಟೀರಿಯಾವನ್ನೇ ಏಡಿ ಬಾಚಿ ತಿನ್ನುತ್ತದೆ. ಕುಣಿತವೇ ಬೇಸಾಯ. ಸಿಯಾಟಲ್‌ನಲ್ಲಿ ಒಂಟಿಯಾಗಿದ್ದ ಇಂಬ್ಲರ್‌ಗೆ ತಮ್ಮಂಥವರ ಕುಣಿತದ ರಾತ್ರಿಯೊಂದು ಸಿಕ್ಕಿದ್ದನ್ನು ಇದರ ಪಕ್ಕ ಇಟ್ಟಾಗ ನಾನು ತಕರಾರಿಲ್ಲದೆ ತಲೆದೂಗಿದೆ.

ಕಟಲ್‌ಫಿಶ್, ಅಂದರೆ ನಮ್ಮ ಕರಾವಳಿಯವರ ಕಪ್ಪೆಬೊಂಡಾಸು, ಬಣ್ಣ ಬದಲಿಸುವುದಕ್ಕೂ ಲಿಂಗದ ಗುರುತಿಗೂ ಗಂಟು ಹಾಕಿದ ಪ್ರಬಂಧ ನಿರೀಕ್ಷಿಸಿದಷ್ಟೇ ಇದೆ, ಹೆಚ್ಚೇನಿಲ್ಲ. ಗಾಯವಾದರೆ ಮತ್ತೆ ಎಳೆತನಕ್ಕೆ ಮರಳುವ ‘ಅಮರ’ ಲೋಳೆಮೀನಿನ ಕೊನೆಯ ಪ್ರಬಂಧವಂತೂ ಸಿಹಿ ಜಾಸ್ತಿಯಾದ ಪಾಯಸ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಅಷ್ಟು ಹುಡುಕಾಡಿದ ಹಾರುವ ಓತಿ ಕೊನೆಗೆ ಕೈಗೆ ಸಿಗದೆ ತೇಲಿಹೋಗುತ್ತದಲ್ಲ, ಅಂಥದೊಂದು ಜಾರುವಿಕೆ ಇಲ್ಲಿ ಬೇಕಿತ್ತು.

ಅದು ಸಿಗುವುದು ಮರಳಹುಳುವಿನ ಪ್ರಬಂಧದಲ್ಲಿ. ಮೂರು ಮೀಟರ್‌ವರೆಗೂ ಬೆಳೆಯಬಲ್ಲ ಈ ಹುಳು ಮರಳಲ್ಲಿ ಹುದುಗಿ, ಮೀಸೆಯಂಥ ಸ್ಪರ್ಶಾಂಗಗಳನ್ನಷ್ಟೇ ಹೊರಗಿಟ್ಟು, ಮೇಲೆ ಸುಳಿದ ಮೀನನ್ನು ಕ್ಷಣದಲ್ಲಿ ಕಚ್ಚಿ ಒಳಗೆಳೆಯುತ್ತದೆ. ಇಂಬ್ಲರ್ ಇದರೊಡನೆ ಬರೆದಿರುವುದು, ಕುಡಿತದಲ್ಲಿ ನೆನಪು ಅಳಿಸಿಹೋದ ರಾತ್ರಿಗಳಲ್ಲಿ ತಮ್ಮ ಮೈಮೇಲೆ ನಡೆದದ್ದನ್ನು. ಇಲ್ಲಿ ಹೋಲಿಕೆ ಕೈಕೊಡುವುದೇ ಪ್ರಬಂಧದ ಬಲ. ಹುಳುವಿಗೆ ಹಸಿವಿದೆ, ತಪ್ಪಿಲ್ಲ. ಗಂಡಸಿಗೆ ಆ ವಿನಾಯಿತಿ ಕೊಡಲಾಗದು. ವಾಕ್ಯಗಳು ತಡವರಿಸುತ್ತವೆ, ನೆನಪಿಲ್ಲದ್ದನ್ನು ಲೇಖಕರು ಕಲ್ಪನೆಯಿಂದ ತುಂಬಲು ಹೋಗುವುದಿಲ್ಲ. ಪುಸ್ತಕ ಕೈಗೆ ಸಿಕ್ಕವರು ಇದನ್ನೇ ಮೊದಲು ಓದಲಿ, ಆಕ್ಟೋಪಸ್ಸಿನದನ್ನು ಆಮೇಲೆ. ಆಗ ಎರಡರ ನಡುವಿನ ವ್ಯತ್ಯಾಸ ತಾನೇ ಕಾಣುತ್ತದೆ.