ಹಿಟ್ಟಿನ ಕೋಳಿಗೆ ಯಾವ ಕಲಂ?

ಜನ್ನನ ‘ಯಶೋಧರ ಚರಿತೆ’ ಓದಿದವರಲ್ಲಿ ಬಹಳ ಮಂದಿಯ ತಕರಾರು ಒಂದೇ: ಶಿಕ್ಷೆ ಅತಿಯಾಯಿತು. ಯಶೋಧರ ಕಡಿದದ್ದು ಹಿಟ್ಟಿನ ಕೋಳಿಯನ್ನು. ಅಷ್ಟಕ್ಕೇ ಅವನೂ ಅವನ ತಾಯಿ ಚಂದ್ರಮತಿಯೂ ನವಿಲು, ನಾಯಿಯಾಗಿ ಹುಟ್ಟಿ, ಆಮೇಲೂ ಜನ್ಮದಿಂದ ಜನ್ಮಕ್ಕೆ ಪ್ರಾಣಿಯಾಗಿ ಸಾಯುತ್ತ ಹೋಗಬೇಕೆ? ಈ ತಕರಾರನ್ನು ಧರ್ಮದ ಚರ್ಚೆಯೆಂದು ಬದಿಗಿಡುವುದು ನಮ್ಮ ವಿಮರ್ಶೆಯ ಅಭ್ಯಾಸ. ನನಗೆ ಅದು ಅಪ್ಪಟ ಕಾನೂನಿನ ಪ್ರಶ್ನೆಯಾಗಿ ಕಾಣುತ್ತದೆ. ಮಾಡಿದ ಕೆಲಸಕ್ಕೂ ಮಾಡಿದವನ ಮನಸ್ಸಿಗೂ ಇರುವ ಸಂಬಂಧವನ್ನು ಹೇಗೆ ಅಳೆಯುವುದು, ಆ ಅಳತೆಗೆ ತಕ್ಕಂತೆ ಶಿಕ್ಷೆಯನ್ನು ಹೇಗೆ ಹಂಚುವುದು ಎಂಬ ಪ್ರಶ್ನೆ. ಇದಕ್ಕೆ ನಮ್ಮಲ್ಲಿ ಇನ್ನೊಂದು ಗ್ರಂಥವೂ ಇದೆ. ಅದನ್ನು ಸಾಹಿತ್ಯದವರು ಓದುವುದಿಲ್ಲ, ಅಷ್ಟೆ.

ಮೆಕಾಲೆಯ ನೇತೃತ್ವದ ಆಯೋಗ 1837ರಲ್ಲಿ ಕರಡು ಸಿದ್ಧಪಡಿಸಿತು. 1860ರಲ್ಲಿ ಅದು ಭಾರತೀಯ ದಂಡ ಸಂಹಿತೆಯಾಯಿತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 299 ಈಗ 100, ಹಳೆಯ 300 ಈಗ 101. ಒಳಗಿನ ಮಾತು ಹೆಚ್ಚುಕಡಿಮೆ ಅದೇ. ಈ ಕಲಂಗಳ ಕೆಳಗೆ ದೃಷ್ಟಾಂತಗಳೆಂಬ ಪುಟ್ಟ ಕಥೆಗಳಿವೆ. ಪಾತ್ರಗಳಿಗೆ ಹೆಸರಿಲ್ಲ, ಎ, ಬಿ, ಝಡ್ ಎಂಬ ಅಕ್ಷರಗಳು ಮಾತ್ರ. ಒಬ್ಬ ಹಳ್ಳದ ಮೇಲೆ ಕಡ್ಡಿ, ಹುಲ್ಲುಹೆಂಟೆ ಹರಡಿ ಇನ್ನೊಬ್ಬನಿಗಾಗಿ ಕಾಯುತ್ತಾನೆ. ಒಬ್ಬ ಜನಜಂಗುಳಿಯ ಮೇಲೆ ತೋಪು ಹಾರಿಸುತ್ತಾನೆ. ಇನ್ನೊಬ್ಬ ಕದಿಯುವ ಆಸೆಯಿಂದ ಒಂದು ಹಕ್ಕಿಗೆ ಗುಂಡು ಹೊಡೆಯುತ್ತಾನೆ, ಅದು ಪೊದೆಯ ಹಿಂದಿದ್ದ ಮನುಷ್ಯನಿಗೆ ತಾಗುತ್ತದೆ. ಮನುಷ್ಯ ಅಲ್ಲಿದ್ದದ್ದು ಅವನಿಗೆ ಗೊತ್ತಿಲ್ಲ, ಆದ್ದರಿಂದ ಅದು ದಂಡನೀಯ ಮಾನವಹತ್ಯೆಯಲ್ಲ ಎನ್ನುತ್ತದೆ ಕಾನೂನು. ಕೆಟ್ಟ ಕೆಲಸದಲ್ಲಿ ತೊಡಗಿದ್ದವನೇ ಹೌದು, ಆದರೆ ಅವನ ಮನಸ್ಸಿನಲ್ಲಿದ್ದದ್ದು ಕೋಳಿ. ನೀರು ತುಂಬುವ ಸದ್ದನ್ನು ಆನೆಯದೆಂದು ಬಗೆದು ಬಾಣ ಬಿಟ್ಟ ದಶರಥನೂ ಈ ಪೊದೆಯ ಆಚೆ ನಿಂತವನೇ. ಕಾನೂನು ಅವನನ್ನು ಹೆಚ್ಚೆಂದರೆ ನಿರ್ಲಕ್ಷ್ಯದ ಕಲಮಿಗೆ ಇಳಿಸುತ್ತಿತ್ತು. ಕಾವ್ಯ ಪುತ್ರಶೋಕದ ಶಾಪ ಕೊಟ್ಟಿತು.

ಕಾನೂನಿನ ಏಣಿಯ ಮೆಟ್ಟಿಲುಗಳು ಬಹಳ ಸಣ್ಣವು. ಸಾವು ಬರುವ ಸಂಭವವಿರುವ ಗಾಯವನ್ನು ಮಾಡುವ ಉದ್ದೇಶ ಒಂದು ಮೆಟ್ಟಿಲು. ಪ್ರಕೃತಿಯ ಸಹಜ ಗತಿಯಲ್ಲಿ ಸಾವಿಗೆ ಸಾಕಾಗುವ ಗಾಯವನ್ನು ಮಾಡುವ ಉದ್ದೇಶ ಅದರ ಮೇಲಿನದು. ‘ಸಂಭವ’ ಮತ್ತು ‘ಸಾಕು’ ಎಂಬ ಎರಡು ಮಾತುಗಳ ನಡುವೆ ನೇಣುಗಂಬವೇ ನಿಂತಿದೆ. ಇದರ ಪಕ್ಕದಲ್ಲಿ ನಮ್ಮ ಪತ್ರಿಕೆಗಳ ಭಾಷೆಯನ್ನು ಇಟ್ಟು ನೋಡಿ. ಕೊಲೆಯ ಮಟ್ಟಕ್ಕೆ ಏರದ ಮಾನವಹತ್ಯೆಯನ್ನು ಅವು ‘ಉದ್ದೇಶಪೂರ್ವಕವಲ್ಲದ ಕೊಲೆ’ ಎಂದು ಬರೆಯುತ್ತವೆ. ಎರಡು ಕಡೆಯಿಂದಲೂ ತಪ್ಪು. ಅದು ಕೊಲೆಯಲ್ಲ ಎಂಬುದೇ ಅದರ ಲಕ್ಷಣ. ಉದ್ದೇಶ ಇದ್ದೂ ಅದು ಕೊಲೆಯಾಗದೆ ಇರಬಹುದು ಎಂಬುದೇ ಅದರ ಸೂಕ್ಷ್ಮ. ಹಠಾತ್ತನೆ ಕೆರಳಿ, ಕೊಲ್ಲಲೆಂದೇ ಹೊಡೆದವನೂ ಈ ವರ್ಗಕ್ಕೆ ಸೇರಬಹುದು. ಒಂದು ಸಡಿಲ ಅನುವಾದ ಒಂದು ಇಡೀ ವಿವೇಕವನ್ನು ಓದುಗರಿಂದ ಮುಚ್ಚಿಟ್ಟಿದೆ.

ಹಠಾತ್ ಕೆರಳಿಕೆಯ ಮಾತು ಬಂದಾಗ ಯಶೋಧರನ ಆ ರಾತ್ರಿ ನೆನಪಾಗಲೇಬೇಕು. ಮಾವುತನ ಬಳಿಗೆ ಹೋದ ಅಮೃತಮತಿಯನ್ನು ಅವನು ಹಿಂಬಾಲಿಸುತ್ತಾನೆ, ಕಣ್ಣಾರೆ ಕಾಣುತ್ತಾನೆ, ಕತ್ತಿ ಎತ್ತುತ್ತಾನೆ. ಆ ಕ್ಷಣದಲ್ಲಿ ಕಡಿದಿದ್ದರೆ ಇಬ್ಬರನ್ನು ಕೊಂದೂ ಅವನು ಕೊಲೆಗಾರನಲ್ಲ ಎಂದು ವಾದಿಸಲು 101ನೆಯ ಕಲಮಿನ ಮೊದಲ ವಿನಾಯಿತಿಯಲ್ಲಿ ದಾರಿಯಿತ್ತು. ನಾನಾವತಿ ಪ್ರಕರಣದಲ್ಲಿ ನಡೆದದ್ದು ಇದೇ ವಾದ. ಹೆಂಡತಿಯ ಮಾತು ಕೇಳಿದ ನೌಕಾಧಿಕಾರಿ ಅವಳನ್ನೂ ಮಕ್ಕಳನ್ನೂ ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ಪಡೆದು, ಆಮೇಲೆ ಅವಳ ಪ್ರಿಯಕರನ ಮನೆಗೆ ಹೋದ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕು ಇಪ್ಪತ್ತರವರೆಗಿನ ಅವಧಿ ಮನಸ್ಸು ಹತೋಟಿಗೆ ಬರಲು ಸಾಕಿತ್ತು ಎಂದು 1961ರಲ್ಲಿ ಸುಪ್ರೀಂ ಕೋರ್ಟು ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕೋಪಕ್ಕೆ ಗಡಿಯಾರ ಕಟ್ಟಿದ ತೀರ್ಪು ಅದು.

ಈ ವಿನಾಯಿತಿ ನನಗೆ ಎಂದೂ ಪೂರ್ತಿ ಒಪ್ಪಿಗೆಯಾದದ್ದಿಲ್ಲ. ಕತ್ತಿ ಸೊಂಟದಲ್ಲೇ ಇರುವವನ ಸಿಟ್ಟಿಗೆ ಮಾತ್ರ ಹಠಾತ್ತಾಗುವ ಸೌಲಭ್ಯವಿರುತ್ತದೆ. ವರ್ಷಗಟ್ಟಲೆ ಏಟು ತಿಂದ ಹೆಂಗಸಿನ ಸಿಟ್ಟು ತಡವಾಗಿ ಬರುತ್ತದೆ, ತಡವಾಯಿತೆಂಬ ಕಾರಣಕ್ಕೇ ಅದು ಯೋಜಿತವೆನಿಸುತ್ತದೆ. ನಿರಂತರ ಕೆರಳಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದೆಂದು ಮದ್ರಾಸ್ ಹೈಕೋರ್ಟು 1989ರಲ್ಲಿ ಹೇಳಿದರೂ ಕಲಮಿನ ಮಾತು ಹಾಗೆಯೇ ಉಳಿದಿದೆ. ಅಮೃತಮತಿ ಏಟು ತಿಂದವಳಲ್ಲ, ಅವಳಿಗೆ ಈ ರಕ್ಷಣೆ ಸಲ್ಲದು. ಗಂಡನಿಗೂ ಅತ್ತೆಗೂ ಅವಳು ವಿಷವಿಕ್ಕಿದ್ದು ಯಾವ ಸಂಹಿತೆಯಲ್ಲೂ ಕೊಲೆಯೇ. ಜನ್ನ ಅವಳನ್ನು ನರಕಕ್ಕೆ ಕಳಿಸುತ್ತಾನೆ. ಹಾಗಾಗಿ ಕಾವ್ಯದಲ್ಲಿ ತರತಮವೇ ಇಲ್ಲ ಎಂದು ಹೇಳುವಂತಿಲ್ಲ. ಅಲ್ಲಿ ಏಣಿಯಿದೆ, ಮೆಟ್ಟಿಲುಗಳ ಅಳತೆ ಬೇರೆ.

ಯಶೋಧರ ಕತ್ತಿಯನ್ನು ಇಳಿಸುತ್ತಾನೆ. ಕಾನೂನಿನ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತು: ಉದ್ದೇಶವಿತ್ತು, ಕೃತ್ಯವಿಲ್ಲ, ಪ್ರಕರಣವಿಲ್ಲ. ಜನ್ನನಿಗೆ ಕಥೆ ಅಲ್ಲಿಂದಲೇ ಶುರು. ಇಳಿಸಿದ ಕತ್ತಿ ಎಲ್ಲಿಗೆ ಹೋಯಿತು ಎಂಬುದನ್ನು ಅವನು ಹಿಂಬಾಲಿಸುತ್ತಾನೆ. ಮರುದಿನ ರಾಜ ಹೆಂಡತಿಯನ್ನು ಹೂವಿನಿಂದ ಹೊಡೆಯುತ್ತಾನೆ. ಸಾಮಾನ್ಯ ವಿವೇಕದವರು ದೂರದಷ್ಟು ಅಲ್ಪವಾದ ಹಾನಿ ಅಪರಾಧವಲ್ಲ ಎಂಬ ಕಲಂ ನಮ್ಮ ಸಂಹಿತೆಯಲ್ಲಿದೆ. ಹೂವಿನೇಟು ಅದರೊಳಗೆ ನಿರಾಯಾಸವಾಗಿ ಹೋಗುತ್ತದೆ. ಆದರೆ ಓದುವವರಿಗೆ ಆ ಹೂವಿನಲ್ಲಿ ರಾತ್ರಿಯ ಕತ್ತಿ ಕಾಣುತ್ತದೆ. ಆಮೇಲೆ ಕೆಟ್ಟ ಕನಸಿನ ನೆಪ, ತಾಯಿಯ ಹೆದರಿಕೆ, ಬಲಿ ಕೊಡೆಂಬ ಒತ್ತಾಯ. ಜೀವ ತೆಗೆಯಲಾರೆ ಎಂದವನು ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಕತ್ತಿ ಕೊನೆಗೂ ಬೀಳುತ್ತದೆ, ಕೋಳಿ ಕೂಗುತ್ತದೆ.

ಇದು ಅಪರಾಧದ ಪ್ರಯತ್ನ ಎನ್ನಬಹುದೆ? ಖಾಲಿ ಜೇಬಿಗೆ ಕೈಹಾಕಿದ ಕಳ್ಳನೂ ಕಳ್ಳತನಕ್ಕೆ ಯತ್ನಿಸಿದವನೇ ಎಂದು ಸಂಹಿತೆಯ ಒಂದು ದೃಷ್ಟಾಂತ ಹೇಳುತ್ತದೆ. ಜೇಬು ಖಾಲಿಯೆಂಬುದು ಅವನನ್ನು ಬಿಡಿಸುವುದಿಲ್ಲ. ಆದರೆ ಆ ಕಳ್ಳನಿಗೆ ಜೇಬು ಖಾಲಿಯೆಂದು ತಿಳಿದಿರಲಿಲ್ಲ. ಯಶೋಧರನಿಗೆ ಅದು ಹಿಟ್ಟೆಂದು ಚೆನ್ನಾಗಿ ಗೊತ್ತು, ಗೊತ್ತಿದ್ದದ್ದರಿಂದಲೇ ಒಪ್ಪಿದ. ಯಾವ ವಕೀಲನೂ ಅವನನ್ನು ಐದು ನಿಮಿಷದಲ್ಲಿ ಬಿಡಿಸಿಕೊಂಡು ಬರುತ್ತಾನೆ. ಸಂಕಲ್ಪಹಿಂಸೆ ಎಂಬ ಜೈನರ ಮಾತನ್ನು ‘ಉದ್ದೇಶ’ ಎಂದು ಸುಮ್ಮನೆ ಅನುವಾದಿಸಿದರೆ ಎಡವುವುದು ಇಲ್ಲೇ. ಕಾನೂನಿನ ಉದ್ದೇಶ ಕೃತ್ಯಕ್ಕೆ ಮುಂಚೆ ಇರಬೇಕು, ಸಾಕ್ಷ್ಯದಿಂದ ತೋರಿಸುವಂತಿರಬೇಕು. 1958ರ ವಿರ್ಸಾ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಕೇಳಿದ್ದು ಭರ್ಜಿಯ ಗಾಯ ಆಕಸ್ಮಿಕವೋ ಬೇಕೆಂದು ಮಾಡಿದ್ದೋ ಎಂದಷ್ಟೆ. ಬೇಕೆಂದು ಮಾಡಿದ ಆ ಗಾಯ ಸಾವಿಗೆ ಸಾಕಾಗುವಂಥದ್ದಾದರೆ, ಸಾಯಲಿ ಎಂದು ಅವನು ಬಯಸಿದ್ದನೋ ಇಲ್ಲವೋ ಮುಖ್ಯವಲ್ಲ. ಮನಸ್ಸನ್ನು ಗಾಯದಲ್ಲಿ ಓದುವ ಪದ್ಧತಿ ಇದು. ಬೇರೆ ದಾರಿ ನ್ಯಾಯಾಲಯಕ್ಕೆ ಇಲ್ಲ, ಇರಲೂಬಾರದು. ಮನಸ್ಸನ್ನೇ ನೇರವಾಗಿ ಓದುತ್ತೇನೆಂದು ಹೊರಟ ಪ್ರಭುತ್ವ ಯಾರನ್ನೂ ಬಿಡುವುದಿಲ್ಲ. ಹಿಟ್ಟಿನಲ್ಲಿ ಗಾಯವಿಲ್ಲ. ಹಾಗಾಗಿ ಜನ್ನನಿಗೆ ಕೂಗು ಬೇಕಾಯಿತು. ಕೂಗು ಕೇಳಿದ ಮೇಲೆಯೇ ಯಶೋಧರನಿಗೆ ತಾನು ಕಡಿಯುವಾಗ ಎಷ್ಟು ಮನಸ್ಸಿಟ್ಟು ಕಡಿದೆ ಎಂಬುದು ತಿಳಿಯುವುದು. ಕೃತ್ಯದ ನಂತರ ಹೊರಬೀಳುವ ಈ ಉದ್ದೇಶಕ್ಕೆ ಸಂಹಿತೆಯಲ್ಲಿ ಜಾಗವಿಲ್ಲ.

ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಲೆಕ್ಕ. ಒತ್ತಾಯಿಸಿದ ತಾಯಿಗೂ ಕತ್ತಿ ಬೀಸಿದ ಮಗನಿಗೂ ಜನ್ನ ಜೊತೆಜೊತೆಯಾಗಿ ಜನ್ಮಗಳನ್ನು ಕೊಡುತ್ತಾನೆ. ದುಷ್ಪ್ರೇರಣೆಯ ಫಲವಾಗಿ ಕೃತ್ಯ ನಡೆದರೆ ಪ್ರೇರಕನಿಗೂ ಅದೇ ಶಿಕ್ಷೆ ಎನ್ನುತ್ತದೆ ನಮ್ಮ ಕಾನೂನು.

ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ದಲ್ಲಿ ರಾಣಿಯನ್ನು ಹುಟ್ಟಿನಿಂದ ಜೈನಳನ್ನಾಗಿ, ರಾಜನನ್ನು ಮದುವೆಯಿಂದ ಆ ಧರ್ಮಕ್ಕೆ ಬಂದವನನ್ನಾಗಿ ಮಾಡಿದರು. ಅಲ್ಲಿಗೆ ಆರೋಪಿಯ ಜಾಗದಲ್ಲಿದ್ದವಳೇ ಹಿಂಸೆಯ ಲಕ್ಷಣ ಹೇಳಬಲ್ಲವಳಾದಳು. ಜನ್ನನ ಅಮೃತಮತಿಗೆ ಆ ಅವಕಾಶ ಇರಲಿಲ್ಲ. ಇಡೀ ಕಥೆಯನ್ನು ಹೇಳುವವನು ಯಶೋಧರನ ಜೀವವೇ ಮರಳಿ ಹುಟ್ಟಿದ ಅಭಯರುಚಿ. ಅವನು ಹೇಳುವುದು ತನ್ನನ್ನು ಬಲಿ ಕೊಡಲು ಸಿದ್ಧನಾಗಿರುವ ಮಾರಿದತ್ತನೆಂಬ ರಾಜನಿಗೆ. ಆರೋಪಿಯೇ ಸಾಕ್ಷಿ, ಅವನೇ ವಕೀಲ, ಮುಂದೆ ಕೂತ ನ್ಯಾಯಾಧೀಶನ ಕೈಯಲ್ಲಿ ಕತ್ತಿ. ವಿಷವಿಕ್ಕಿದವಳ ಹೇಳಿಕೆಯನ್ನು ಆ ಮಾರಿಗುಡಿಯಲ್ಲಿ ಯಾರೂ ದಾಖಲಿಸಲಿಲ್ಲ.