ಅವಸರಕ್ಕೆ ಒಗ್ಗದ ಸೊಪ್ಪು

ಆಗಸ್ಟ್ ತಿಂಗಳಲ್ಲಿ ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಬಸ್ಸಿನಲ್ಲಿ ಹೋದವರಿಗೆ ಆ ವಾಸನೆ ಗೊತ್ತು. ಕಿಟಕಿ ತೆರೆದಿದ್ದರೆ ಸಾಕು. ಮೊದಲು ಸೌದೆಯ ಹೊಗೆ, ಅದರ ಬೆನ್ನಿಗೆ ಬಿಸಿಲು ಕುಡಿದ ಬಣವೆಯ ಕಾವು, ಆಮೇಲೆ ಆಲೆಮನೆಯಲ್ಲಿ ಪಾಕ ಇನ್ನೇನು ಹದಕ್ಕೆ ಬರುತ್ತದೆ ಅನ್ನುವಾಗ ಏಳುವಂಥ ಒಂದು ಸಿಹಿ. ರಸ್ತೆಯ ಎರಡೂ ಬದಿಯ ಬ್ಯಾರನ್ನುಗಳಲ್ಲಿ, ಅಂದರೆ ಸೊಪ್ಪು ಹದ ಮಾಡುವ ಮನೆಗಳಲ್ಲಿ, ಹೊಗೆಸೊಪ್ಪು ಬೇಯುತ್ತಿರುತ್ತದೆ. ನಾನು ಪೈಪು ಹಿಡಿದು ಇಪ್ಪತ್ತೆಂಟು ವರ್ಷವಾಯಿತು. ಊರೂರಿನ ಡಬ್ಬಿ ತರಿಸಿ ಹುಡುಕುತ್ತಿದ್ದದ್ದು ಈ ಬಸ್ಸಿನ ಕಿಟಕಿಯ ವಾಸನೆಯನ್ನೇ ಎಂದು ತಿಳಿಯಲು ಅದರಲ್ಲಿ ಇಪ್ಪತ್ತು ವರ್ಷ ಹಿಡಿಯಿತು.

ಈ ವಾರ ಬರೆಯುತ್ತಿರುವುದು ವರ್ಜೀನಿಯಾ ಬಗ್ಗೆ. ಅದರಲ್ಲೂ ತೆಳುವಾಗಿ ಪರಿಮಳ ಲೇಪಿಸಿದ ಸೌಮ್ಯ ವರ್ಜೀನಿಯಾ ಬಗ್ಗೆ. ಅದಕ್ಕೂ ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಪತ್ರ ಬರೆದು ಬೈಯುವ ಶ್ರಮ ತಪ್ಪಲಿ. ಪೈಪಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಹಾಗಾಗಿ ಅಪಾಯವಿಲ್ಲ ಅನ್ನುವುದು ಸೇದುವವರು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನ. ತುಟಿ, ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಪೈಪೂ ದಾರಿಯೇ. ಈ ವಿಷಯದಲ್ಲಿ ನಮ್ಮ ಡಾಕ್ಟರ ಜೊತೆ ವಾದ ಮಾಡಿ ಸೋತು, ಈಗ ಭಾನುವಾರ ಮಧ್ಯಾಹ್ನಕ್ಕೊಂದು ಬಟ್ಟಲು ಎಂಬ ಒಪ್ಪಂದಕ್ಕೆ ಬಂದಿದ್ದೇನೆ. ಅವರು ಇದನ್ನು ಒಪ್ಪಂದ ಎಂದು ಒಪ್ಪುವುದಿಲ್ಲ.

ವರ್ಜೀನಿಯಾ ಅಂದರೆ ಈಗ ಊರಿನ ಹೆಸರಲ್ಲ. ಜಾನ್ ರಾಲ್ಫ್ ಎಂಬ ಇಂಗ್ಲಿಷಿನವ 1612ರ ಸುಮಾರಿಗೆ ಅಮೆರಿಕದ ಜೇಮ್ಸ್‌ಟೌನಿನಲ್ಲಿ ಕೆರಿಬಿಯನ್ ಕಡೆಯ ಬೀಜ ಬಿತ್ತಿ ಬೆಳೆದಾಗ ಅದು ಊರಿನ ಹೆಸರಾಗಿತ್ತು. ಈಗ ಅದು ಹದ ಮಾಡುವ ವಿಧಾನದ ಹೆಸರು. ಬ್ರೆಜಿಲ್, ಜಿಂಬಾಬ್ವೆ, ನಮ್ಮ ಹೆಗ್ಗಡದೇವನಕೋಟೆ, ಎಲ್ಲಿ ಬೆಳೆದರೂ ಬ್ಯಾರನ್ನಿನಲ್ಲಿ ಬೇಯಿಸಿದರೆ ಅದು ವರ್ಜೀನಿಯಾ. ಬೇಯಿಸುವುದು ಎಂದು ರೈತರು ಹೇಳುತ್ತಾರೆ, ನಿಜಕ್ಕೂ ನಡೆಯುವುದು ಹಣ್ಣು ಮಾಡುವ ಕೆಲಸ. ಬಾಳೆಗೊನೆಯನ್ನು ಗುಂಡಿಗೆ ಹಾಕಿ ಹೊಗೆ ಕೊಟ್ಟು ಮುಚ್ಚುತ್ತಿದ್ದರಲ್ಲ, ಅದರ ತರ್ಕವೇ ಇಲ್ಲೂ. ಹಸಿರೆಲೆಯನ್ನು ಕಡ್ಡಿಗೆ ಕಟ್ಟಿ ನೇತುಹಾಕಿ ಮೊದಲ ಒಂದೆರಡು ದಿನ 35–40 ಡಿಗ್ರಿಯ ಹಬೆಯಲ್ಲಿಟ್ಟರೆ ಎಲೆ ಸಾಯದೆ ಹಳದಿಯಾಗುತ್ತದೆ, ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಆಗ ಕಾವನ್ನು ಮೆಲ್ಲಗೆ ಏರಿಸುತ್ತ ಹೋಗಿ, ನಡುನರ ಒಣಗುವ ಹೊತ್ತಿಗೆ 70 ಡಿಗ್ರಿ ಮುಟ್ಟಿಸುತ್ತಾರೆ. ಸಕ್ಕರೆ ಅಲ್ಲಿಗೇ ನಿಂತುಬಿಡುತ್ತದೆ. ಐದಾರು ದಿನದ ಈ ಕೆಲಸದಲ್ಲಿ ಅರ್ಧ ದಿನ ಅವಸರ ಮಾಡಿದರೆ ಎಲೆ ಹಸಿರು ಬಣ್ಣದಲ್ಲೇ ಒಣಗುತ್ತದೆ, ಅರ್ಧ ದಿನ ತಡವಾದರೆ ಕಂದುತ್ತದೆ. ಮನೆಯವರು ಸರದಿಯಲ್ಲಿ ರಾತ್ರಿ ಎದ್ದು ಒಲೆ ನೋಡುತ್ತಾರೆ.

ಈ ಹೊಂಬಣ್ಣ ಸಿಕ್ಕಿದ್ದೂ ಒಂದು ರಾತ್ರಿಯ ನಿದ್ದೆಯಿಂದ ಎಂಬ ಕಥೆಯಿದೆ. 1839ರಲ್ಲಿ ನಾರ್ತ್ ಕ್ಯಾರೊಲೈನಾದ ಕ್ಯಾಸ್ವೆಲ್ ಕೌಂಟಿಯಲ್ಲಿ ಸ್ಟೀಫನ್ ಸ್ಲೇಡ್ ಎಂಬ ಗುಲಾಮ ಯುವಕ ಬೆಂಕಿ ಕಾಯುತ್ತ ತೂಕಡಿಸಿದ. ಎಚ್ಚರವಾದಾಗ ಬೆಂಕಿ ಆರುವುದರಲ್ಲಿತ್ತು. ಗಾಬರಿಯಲ್ಲಿ ಕುಲುಮೆಯ ಇದ್ದಿಲು ತಂದು ಸುರಿದ. ತಟ್ಟನೆ ಏರಿದ ಕಾವಿಗೆ ಎಲೆ ಬಂಗಾರದ ಬಣ್ಣಕ್ಕೆ ತಿರುಗಿತು. ಅದರಿಂದ ದುಡ್ಡು ಮಾಡಿದ್ದು ಮಾಲೀಕ; ಅದು ಆ ಕಾಲದ ಎಲ್ಲ ಕಥೆಗಳ ಕೊನೆ. ಮುಂದೆ ಬೆಂಕಿಯನ್ನು ಹೊರಗಿಟ್ಟು ತಗಡಿನ ಕೊಳವೆಯಲ್ಲಿ ಬರೀ ಕಾವನ್ನು ಒಳಗೆ ಸುತ್ತಿಸುವ ಪದ್ಧತಿ ಬಂತು. ಸೌದೆಯ ಹೊಗೆ ಎಲೆಗೆ ತಾಕುವುದೇ ಇಲ್ಲ. ವರ್ಜೀನಿಯಾದ ನಿರ್ಮಲ ರುಚಿಗೆ ಅದೂ ಒಂದು ಕಾರಣ.

ಎಲೆಯ ತೂಕದಲ್ಲಿ ಶೇ 20ರ ಆಸುಪಾಸು ಸಕ್ಕರೆಯೇ ಇರುವಾಗ ಮೇಲೆ ಮತ್ತೆ ಪರಿಮಳ ಯಾಕೆ? ಇದು ಪೈಪಿನವರ ಹಳೆಯ ಜಗಳ. ತಯಾರಕರು ಸಾಮಾನ್ಯವಾಗಿ ಎರಡು ಹಂತದಲ್ಲಿ ಕೈಯಾಡಿಸುತ್ತಾರೆ. ಕತ್ತರಿಸುವ ಮುಂಚೆ ಸಕ್ಕರೆ, ಜ್ಯೇಷ್ಠಮಧು, ಕೋಕೋ ಇಂಥವುಗಳ ನೀರು ಚಿಮುಕಿಸಿ ಎಲೆಯ ಒರಟು ತೆಗೆಯುವುದು ಒಂದು. ಎಲ್ಲ ಮುಗಿದ ಮೇಲೆ ಹಣ್ಣಿನದೋ ವೆನಿಲಾದೋ ಮೇಲ್ಪರಿಮಳ ಹಾಕುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ಎರಡನೆಯದರಲ್ಲಿ ಕೈ ಮಿತಿ ಮೀರಿತೋ, ಕೆಟ್ಟಿತು. ಅಂಗಡಿ ತುಂಬ ಘಮಘಮ ಅನ್ನುವ ಡಬ್ಬಿಯನ್ನು ಹಚ್ಚಿದರೆ ಬಾಯಲ್ಲಿ ಬಿಸಿ ನೀರಿನ ಹಬೆ ಮಾತ್ರ. ಘಮವೆಲ್ಲ ಪಕ್ಕದಲ್ಲಿ ಕೂತವರಿಗೆ. ಹಳಸಿದ ಅನ್ನಕ್ಕೆ ಇಂಗಿನ ಒಗ್ಗರಣೆ ಹಾಕಿದ ಹಾಗೆ, ಹೆಚ್ಚು ಪರಿಮಳದ ಅಡಿಯಲ್ಲಿ ಬಡಪಾಯಿ ಎಲೆ ಅಡಗಿರುವುದೇ ಹೆಚ್ಚು. ಇಂಗ್ಲೆಂಡಿನ ಕೆಂಡಲ್ ಊರಿನವರ ದಾರಿ ಬೇರೆ. ಅಲ್ಲಿ 1792ರಿಂದ ಬಂದ ಸ್ಯಾಮ್ಯುಯಲ್ ಗಾವಿತ್ ಮನೆತನದ ಹೊಗೆಸೊಪ್ಪಿನ ಕಸುಬಿದೆ. ಆ ಸೀಮೆಯ ಕೆಲವು ಡಬ್ಬಿಗಳಲ್ಲಿ ಗುಲಾಬಿ, ಜಿರೇನಿಯಂ, ಟೊಂಕಾ ಬೀಜ ಎಲ್ಲ ಸೇರಿ ಅಜ್ಜಿಯ ಟ್ರಂಕು ತೆರೆದ ಹಾಗಿರುತ್ತದೆ. ಅದನ್ನು ಪ್ರೀತಿಸುವವರಿದ್ದಾರೆ. ನಾನು ಎರಡು ಸಲ ಪ್ರಯತ್ನಪಟ್ಟು, ಪೈಪಿನಿಂದ ಆ ವಾಸನೆ ತೆಗೆಯಲು ಎರಡು ತಿಂಗಳು ಪಟ್ಟ ಪಾಡು ನೆನೆದು, ದೂರದಿಂದ ಕೈಮುಗಿಯುತ್ತೇನೆ.

ನಾನು ಮೆಚ್ಚುವುದು ನಡುವಿನ ದಾರಿಯವರನ್ನು, ಅಂದರೆ ಡೆನ್ಮಾರ್ಕಿನವರನ್ನು. ಕಳೆದ ತಿಂಗಳು ಗೆಳೆಯರೊಬ್ಬರು ಕೋಪನ್‌ಹೇಗನ್ನಿನಿಂದ ಓರ್ಲಿಕ್ ಕಂಪನಿಯ ಗೋಲ್ಡನ್ ಸ್ಲೈಸ್ಡ್ ಡಬ್ಬಿ ತಂದುಕೊಟ್ಟರು. ಎಲೆಗಳನ್ನು ಒತ್ತಿ ಇಟ್ಟಿಗೆ ಮಾಡಿ, ಆಮೇಲೆ ತೆಳ್ಳಗೆ ಸೀಳಿದ ಪಟ್ಟಿಗಳು. ಇಂಥದ್ದಕ್ಕೆ ಫ್ಲೇಕ್ ಎನ್ನುತ್ತಾರೆ. ಡಬ್ಬಿ ತೆರೆದರೆ ಹೊಸ ಹುಲ್ಲಿನ ವಾಸನೆ, ಅದರ ಮೇಲೆ ಚಕ್ಕೋತನ ಸಿಪ್ಪೆ ಹಿಂಡಿದಷ್ಟು ಹುಳಿಘಮ. ಅಷ್ಟೇ. ಬೇಕಾದ್ದೂ ಅಷ್ಟೇ.

ಇಂಥ ಸೊಪ್ಪನ್ನು ಡಬ್ಬಿಯಿಂದ ನೇರ ಪೈಪಿಗೆ ತುಂಬಬಾರದು. ಎರಡು ಪಟ್ಟಿ ತೆಗೆದು ಕಾಗದದ ಮೇಲಿಟ್ಟು, ಮೈಸೂರಿನ ಬೇಸಿಗೆಯಲ್ಲಾದರೆ ಮುಕ್ಕಾಲು ಗಂಟೆ, ಮಳೆಗಾಲದಲ್ಲಾದರೆ ಫ್ಯಾನಿನಡಿ ಮೂರು ಗಂಟೆ ಬಿಡುತ್ತೇನೆ. ಬೆರಳಲ್ಲಿ ಹಿಡಿದರೆ ತಣ್ಣಗಿರಬಾರದು, ಮುರಿದರೆ ಪುಡಿಯಾಗಬಾರದು. ಆಮೇಲೆ ಅಂಗೈಯಲ್ಲಿ ಉಜ್ಜಿ ಎಳೆ ಬಿಡಿಸುವುದು. ಪೈಪಿಗೆ ಮೂರು ಚಿಟಿಕೆ: ಮೊದಲನೆಯದು ಬರೀ ಉದುರಿಸಿದ ಹಾಗೆ, ಕೊನೆಯದು ಸ್ವಲ್ಪ ಅದುಮಿ. ರುಚಿ ನೋಡುವುದಕ್ಕೆ ನಾನು ಒಳ್ಳೆಯ ಬ್ರೈಯರ್ ಪೈಪು ಮುಟ್ಟುವುದಿಲ್ಲ. ಮರ ಹಳೆಯದನ್ನು ಮರೆಯುವುದಿಲ್ಲ, ಹಿಂದಿನ ಸೊಪ್ಪಿನ ನೆರಳು ಹೊಸದರ ಮೇಲೆ ಬೀಳುತ್ತದೆ. ಮುಸುಕಿನ ಜೋಳದ ದಿಂಡಿನ ಪೈಪೇ ಸರಿ. ಅಮೆರಿಕದ ಮಿಸೂರಿ ರಾಜ್ಯದಲ್ಲಿ ವಾಷಿಂಗ್ಟನ್ ಎಂಬ ಸಣ್ಣ ಊರಿನಲ್ಲಿ 1869ರಿಂದ ಇದನ್ನು ಮಾಡುತ್ತಿದ್ದಾರೆ. ನಮ್ಮಲ್ಲಿ ನೀರೊಲೆಗೆ ಹಾಕುವ ವಸ್ತು. ಅವರು ಅದಕ್ಕೆ ತೂತು ಕೊರೆದು ಜಗತ್ತಿಗೆಲ್ಲ ಮಾರಿದರು.

ಸೌಮ್ಯ ಎಂಬ ಮಾತು ಕೇಳಿ ಇದು ಹೊಸಬರ ಸೊಪ್ಪು ಎಂದುಕೊಳ್ಳುವವರು ಇಲ್ಲೇ ಪೆಟ್ಟು ತಿನ್ನುವುದು. ವರ್ಜೀನಿಯಾದ ಹೊಗೆಗೆ ಆಮ್ಲದ ಗುಣ, ಹಾಗಾಗಿ ಸಿಗಾರಿನಂತೆ ಬಾಯಿಯ ಪೊರೆಯ ಮೂಲಕ ನಿಕೋಟಿನ್ ಸಲೀಸಾಗಿ ಇಳಿಯುವುದಿಲ್ಲ. ತಲೆ ತಿರುಗುವುದಿಲ್ಲ ಎಂಬ ಧೈರ್ಯಕ್ಕೆ ಹೊಸಬರು ಬುಸಬುಸ ಎಳೆಯುತ್ತಾರೆ. ಸಕ್ಕರೆ ಜೋರಾಗಿ ಉರಿಯುತ್ತದೆ, ಬಿಸಿ ಹಬೆ ನಾಲಿಗೆಗೆ ಹೊಡೆಯುತ್ತದೆ. ಅನಾನಸ್ ಅತಿಯಾಗಿ ತಿಂದ ಮೇಲೆ ನಾಲಿಗೆ ಪೊರೆ ಎದ್ದ ಹಾಗಾಗುತ್ತದಲ್ಲ, ಅದರ ಎರಡರಷ್ಟು. ನನ್ನ ಮೊದಲ ಡಬ್ಬಿಯ ಮಾರನೇ ದಿನ ತಿಳಿಸಾರೂ ಉರಿಯುತ್ತಿತ್ತು. ಸೊಪ್ಪು ಕೆಟ್ಟದು ಎಂದು ತೀರ್ಮಾನಿಸಿ ಡಬ್ಬಿಯನ್ನು ಯಾರಿಗೋ ಕೊಟ್ಟುಬಿಟ್ಟೆ. ಕೆಟ್ಟಿದ್ದದ್ದು ನನ್ನ ಉಸಿರು. ಬಿಸಿ ಹಾಲಿನ ಮೇಲೆ ಊದಿ ಕೆನೆ ಸರಿಸುತ್ತೇವಲ್ಲ, ಅಷ್ಟೇ ಮೆತ್ತಗೆ ಎಳೆಯಬೇಕು. ಪೈಪು ಆರಿತೇ? ಆರಲಿ. ಒಂದು ಬಟ್ಟಲಿಗೆ ನಾಲ್ಕು ಕಡ್ಡಿ ಗೀರುವುದರಲ್ಲಿ ಅವಮಾನವೇನಿಲ್ಲ. ಬಟ್ಟಲು ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾದರೆ ಅದು ಅವಮಾನ.

ಹಾಗೆ ಸೇದಿದರೆ ಮೊದಲ ಹತ್ತು ನಿಮಿಷ ಆ ಚಕ್ಕೋತನದ್ದು. ಲೇಪಿಸಿದ ಪರಿಮಳ ಆವಿಯಾಗುವುದು ಬೇಗ, ಆಗಬೇಕಾದ್ದೂ ಬೇಗ. ಆಮೇಲೆ ಎಲೆ ಒಬ್ಬಂಟಿಯಾಗಿ ನಿಲ್ಲುತ್ತದೆ. ನಡುವಿನ ಕಾಲು ಗಂಟೆ ಒಣಹುಲ್ಲು, ಹೆಂಚಿಗೆ ಹತ್ತಿದ ರೊಟ್ಟಿಯ ಅಂಚು. ಮೂಗಿನ ಮೂಲಕ ಚೂರು ಹೊಗೆ ಹೊರಬಿಟ್ಟರೆ ಸಣ್ಣ ಮೆಣಸಿನ ಚುರುಕು. ಕೊನೆಗೆ ಕೊಪ್ಪರಿಗೆಯ ತಳ ಕೆರೆದ ಬೆಲ್ಲ, ಕಪ್ಪಾಗಿ, ಸ್ವಲ್ಪ ಕಹಿಯಾಗಿ. ಮುಕ್ಕಾಲು ಗಂಟೆ ಹಿಡಿಯಿತು, ತಳದಲ್ಲಿ ಬೂದಿ ಬೆಳ್ಳಗೆ ಒಣಗಿತ್ತು. ಒಳ್ಳೆಯ ಸೊಪ್ಪು. ಇನ್ನೆರಡು ಡಬ್ಬಿ ಸಿಕ್ಕರೆ ಒಂದನ್ನು ಮೊಹರು ಒಡೆಯದೆ ಐದು ವರ್ಷ ಬೀರುವಿನಲ್ಲಿಡುತ್ತೇನೆ. ವರ್ಜೀನಿಯಾ ಉಪ್ಪಿನಕಾಯಿಯಂತೆ, ಇಟ್ಟಷ್ಟೂ ಮಾಗುತ್ತದೆ.

ಪೈಪು ನಮ್ಮದಲ್ಲ, ದೊರೆಗಳಿಂದ ಬಂದ ಶೋಕಿ ಎಂದು ಹಂಗಿಸುವವರಿಗೆ ನಾನು ಬಿಜಾಪುರದ ಕಥೆ ಹೇಳುತ್ತೇನೆ. ಅಕ್ಬರನ ದೂತ ಅಸದ್ ಬೇಗ್ ಹದಿನೇಳನೇ ಶತಮಾನದ ಮೊದಲ ವರ್ಷಗಳಲ್ಲಿ ಆದಿಲ್‌ಶಾಹಿಗಳ ಬಿಜಾಪುರಕ್ಕೆ ಬಂದಾಗ ಹೊಗೆಸೊಪ್ಪನ್ನು ಮೊದಲ ಬಾರಿಗೆ ಕಂಡ. ಸೊಪ್ಪನ್ನೂ, ರತ್ನ ಕೂರಿಸಿದ ಮೂರು ಮೊಳದ ಕೊಳವೆಯನ್ನೂ, ಅದರ ಬಾಯಿಗೆ ಯೆಮನ್ನಿನ ಅಕೀಕ್ ಕಲ್ಲನ್ನೂ ಹೊಂದಿಸಿಕೊಂಡು ಹೋಗಿ ಬಾದಶಹನ ಮುಂದಿಟ್ಟ. ಅಕ್ಬರ್ ಒಂದೆರಡು ಸಲ ಎಳೆಯುವಷ್ಟರಲ್ಲಿ ಆಸ್ಥಾನದ ಹಕೀಮ ಅಡ್ಡ ಬಂದ. ಮಗ ಜಹಾಂಗೀರ್ 1617ರಲ್ಲಿ ನಿಷೇಧವನ್ನೇ ಹೊರಡಿಸಿದ. ಡಾಕ್ಟರು ಮತ್ತು ಸೇದುವವರ ವ್ಯಾಜ್ಯ ನಮ್ಮ ಮನೆಯಲ್ಲಿ ಶುರುವಾದದ್ದಲ್ಲ.

ಇಷ್ಟೆಲ್ಲ ಇದ್ದೂ ನನಗೊಂದು ಕೊರಗು. ವೈನಿನ ಸೀಸೆಯ ಮೇಲೆ ತೋಟದ ಹೆಸರಿರುತ್ತದೆ, ಕಾಫಿ ಪೊಟ್ಟಣದ ಮೇಲೆ ಬಾಬಾಬುಡನ್‌ಗಿರಿಯ ಹೆಸರಿರುತ್ತದೆ. ಹುಣಸೂರಿನ ಸೊಪ್ಪಿನ ಹೆಸರನ್ನು ನಾನು ಯಾವ ಡಬ್ಬಿಯ ಮೇಲೂ ಓದಿಲ್ಲ. ಸೊಪ್ಪು ಕಡಿಮೆಯದೇನಲ್ಲ. ಕೆಂಪು ಹಗುರ ಮಣ್ಣು, ಮಳೆ ನಂಬಿದ ಬೇಸಾಯ, ಏಪ್ರಿಲ್–ಮೇ ತಿಂಗಳಲ್ಲಿ ನಾಟಿ, ಕಾಂಚನ ತಳಿ. ಎಲೆ ತೆಳ್ಳಗೆ, ನಿಕೋಟಿನ್ ಹದವಾಗಿ ಬರುತ್ತದೆ. ಆ ಸೌಮ್ಯ ಗುಣವೇ ಅದಕ್ಕೆ ಮುಳುವಾಗಿದೆ. ಬೇರೆ ಎಲೆಯ ಖಾರ ಇಳಿಸಲು, ಮಿಶ್ರಣ ತುಂಬಿಸಲು ಇದು ಹೇಳಿಮಾಡಿಸಿದ್ದು ಎಂದು ಸಿಗರೇಟಿನವರು ಕೊಳ್ಳುತ್ತಾರೆ, ಹಡಗು ಹತ್ತಿಸುತ್ತಾರೆ. ಮದುವೆ ಮನೆಯಲ್ಲಿ ನೂರು ಜನಕ್ಕೆ ಬಡಿಸಿ ಕೊನೆಯ ಪಂಕ್ತಿಯಲ್ಲಿ ಉಣ್ಣುವ ಚಿಕ್ಕಮ್ಮನ ಪಾಡು.

ಎರಡು ವರ್ಷದ ಹಿಂದೆ ಹುಣಸೂರು ಬಳಿಯ ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೆ ಹೋಗಿದ್ದೆ. ಗುಂಟೂರಿನಲ್ಲಿ ಕೇಂದ್ರ ಕಚೇರಿಯಿರುವ ತಂಬಾಕು ಮಂಡಳಿ 1976ರಲ್ಲಿ ಶುರುವಾಯಿತು, ಹರಾಜು ಪದ್ಧತಿಯನ್ನು 1984ರಲ್ಲಿ ಮೊದಲು ತಂದದ್ದು ನಮ್ಮ ರಾಜ್ಯದಲ್ಲೇ. ಸಾಲಾಗಿಟ್ಟ ಬೇಲುಗಳ ನಡುವೆ ಖರೀದಿದಾರರು ನಡೆಯುತ್ತ ಒಂದು ಹಿಡಿ ಎಲೆ ಎಳೆದು, ಮೂಸಿ, ದರ ಕಟ್ಟಿ ಮುಂದೆ ಹೋಗುತ್ತಾರೆ. ಒಂದು ಬೇಲಿಗೆ ಅರ್ಧ ನಿಮಿಷವೂ ಇಲ್ಲ. ಆರು ತಿಂಗಳ ದುಡಿಮೆಗೆ ಅಷ್ಟೇ ಹೊತ್ತು. ಅಲ್ಲಿದ್ದ ಹಿರಿಯ ಗೌಡರೊಬ್ಬರಿಗೆ ನನ್ನ ಪೈಪು ತೋರಿಸಿ, ಒಳಗಿನದನ್ನು ಮೂಸಲು ಕೊಟ್ಟೆ. ಕಣ್ಣು ಮುಚ್ಚಿ ಮೂಸಿದರು.

“ನಮ್ಮ ಸೊಪ್ಪೇ ಅಲ್ವಾ ಸ್ವಾಮಿ ಇದು? ಯಾರೋ ನಿಂಬೆಹಣ್ಣು ತಾಕಿಸವ್ರೆ.”

“ನೀವು ಸೇದ್ತೀರಾ ಗೌಡ್ರೇ?”

“ಇದನ್ನಾ? ಇಲ್ಲ ಬುದ್ಧಿ, ನನಗೆ ಬೀಡಿ.” ಬೀಡಿಯ ಸೊಪ್ಪು ನಿಪ್ಪಾಣಿ ಕಡೆಯದು, ಬಿಸಿಲಲ್ಲಿ ಒಣಗಿಸಿದ್ದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಇಪ್ಪತ್ತೆಂಟು ವರ್ಷದಲ್ಲಿ ಇದಕ್ಕಿಂತ ಖಚಿತವಾದ ರುಚಿವಿಮರ್ಶೆಯನ್ನು ನಾನು ಕೇಳಿಲ್ಲ.

ಸೇದುವ ಅಭ್ಯಾಸ ಇಲ್ಲದವರು ಈ ಅಂಕಣ ಓದಿ ಶುರು ಮಾಡಬೇಡಿ. ವರ್ಜೀನಿಯಾದ ಉತ್ತಮಾಂಶ ಹಚ್ಚದೆಯೂ ಸಿಗುತ್ತದೆ. ಮೈಸೂರಿನಿಂದ ಹುಣಸೂರು ಸುಮಾರು 45 ಕಿಲೋಮೀಟರ್, ಬಸ್ಸುಗಳು ಬೇಕಾದಷ್ಟಿವೆ. ಬೆಂದ ಎಲೆ ಮುಟ್ಟಿದರೆ ಪುಡಿಯಾಗುತ್ತದೆ ಎಂದು ಬ್ಯಾರನ್ನಿನ ಬಾಗಿಲು ತೆರೆದಿಟ್ಟು ರಾತ್ರಿಯ ತೇವ ಕುಡಿಸಿ, ಬೆಳಗ್ಗೆ ಇಳಿಸುತ್ತಾರೆ. ಆ ಹೊತ್ತಿಗೆ ಹೋಗಿ, ರೈತರನ್ನು ಕೇಳಿಕೊಂಡು ಒಳಗೆ ಎರಡು ನಿಮಿಷ ನಿಲ್ಲಿ. ಬೆಂಕಿಪೊಟ್ಟಣ ಮಾತ್ರ ಬೇಡ. ಬ್ಯಾರನ್ನಿಗೆ ಬೆಂಕಿ ಬಿದ್ದು ಸೊಪ್ಪು ಸುಟ್ಟುಹೋದ ಸುದ್ದಿ ಆ ಸೀಮೆಯಿಂದ ಪ್ರತಿ ಹಂಗಾಮಿನಲ್ಲೂ ಬರುತ್ತದೆ.