ಕ್ಷಾರಕ್ಕೆ ಒಗ್ಗಿದ ಬಣ್ಣಗಳು

ಅರಿಶಿನ ಕಲಸಿದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ಪುತ್ತೂರು, ಸುಳ್ಯ, ಕಡಬ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮದುಮಕ್ಕಳಿಗೆ ಆರತಿ ಎತ್ತುವ ಕುರ್ದಿ ನೀರು ಕೆಂಪಾಗುವುದೇ ಹಾಗೆ. ಎಲೆಯಡಿಕೆಗೆ ಸುಣ್ಣ ಕೂಡಿದಾಗ ಬಾಯಿ ಕೆಂಪೇರುವುದೂ ಅದೇ ಕ್ಷಾರದ ಕೈವಾಡ. ತೆಂಗಿನೆಣ್ಣೆಯ ಸಾಬೂನು ಮಾಡಿ, ಅದಕ್ಕೆ ತೋಟದ್ದೇ ಬಣ್ಣ ಕೊಡಲು ಹೊರಟವರಿಗೆ ಇಷ್ಟು ನೆನಪಿದ್ದರೆ ಅರ್ಧ ಪಾಠ ಮುಗಿದಂತೆ.

ಬಣ್ಣಕ್ಕೆ ಮೊದಲು ಬಿಳುಪನ್ನು ನೋಡಬೇಕು. ತೆಂಗಿನೆಣ್ಣೆಯ ಸಾಬೂನು ಬೆಳ್ಳಗೆ, ಗಟ್ಟಿಯಾಗಿ ಕೂರುತ್ತದೆ. ಉಪ್ಪುನೀರಿನಲ್ಲೂ ನೊರೆ ಬಿಡುತ್ತದೆ. ಒಂದು ಕಿಲೋ ಎಣ್ಣೆ ಪೂರ್ತಿ ಸಾಬೂನಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಅಷ್ಟನ್ನೂ ಹಾಕಿದರೆ ಮೈ ಒಣಗಿ ಬಿಗಿಯುತ್ತದೆ. 150 ಗ್ರಾಮಿನ ಆಸುಪಾಸಿಗೆ ಇಳಿಸಿದರೆ ಒಂದಿಷ್ಟು ಎಣ್ಣೆ ಎಣ್ಣೆಯಾಗಿಯೇ ಉಳಿದು ಚರ್ಮಕ್ಕೆ ಹಿತ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾದ ಮೇಲೆ ಸುರಿಯಕೂಡದು. ಪಾತ್ರೆ ಸ್ಟೀಲಿನದಿರಲಿ, ಅಲ್ಯೂಮಿನಿಯಂ ಬೇಡ. ಕೈಗೆ ಗವಸು, ಕಣ್ಣಿಗೆ ಕನ್ನಡಕ. ಎಚ್ಚರಿಕೆಯ ಮಾತು ಇಷ್ಟು ಸಾಕು.

ಹೊಸಬರು ಅರಿಶಿನದಿಂದ ಶುರುಮಾಡುವುದು ಒಳ್ಳೆಯದು, ಅದರ ಆಟ ಕಣ್ಣೆದುರೇ ನಡೆಯುತ್ತದೆ. ಅರ್ಧ ಕಿಲೋ ಎಣ್ಣೆಗೆ ಅರ್ಧ ಚಮಚ ಪುಡಿ ಸಾಕು. ಎಣ್ಣೆಯಲ್ಲಿ ಕದಡಿದಾಗ ಅದು ನಮಗೆ ಗೊತ್ತಿರುವ ಹಳದಿಯೇ. ಸೋಡಾನೀರು ಬಿದ್ದ ಕಡೆ ಕೆಂಪು ಏಳುತ್ತದೆ, ಕಡೆಯುತ್ತಾ ಹೋದಂತೆ ಮುರಕಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಗೇ ನಿಲ್ಲುವುದಿಲ್ಲ. ಎಣ್ಣೆಯೂ ಸೋಡಾವೂ ಒಂದಾಗಿ ಕ್ಷಾರದ ಖಾರ ಇಳಿದಂತೆ ಕೆಂಪು ಮೆಲ್ಲಗೆ ಹಿಂದೆ ಸರಿದು, ಕಿತ್ತಳೆ ಬೆರೆತ ಹಳದಿ ಉಳಿಯುತ್ತದೆ. ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಅದೂ ಮಾಸುತ್ತದೆ. ಈ ಮಾಸುವಿಕೆಯನ್ನು ಕೊರತೆಯೆನ್ನುವವರಿದ್ದಾರೆ. ನನಗಂತೂ ಅಲುಗಾಡದೆ ವರ್ಷವಿಡೀ ಮಿನುಗುವ ಅಂಗಡಿಯ ಹಳದಿಗಿಂತ ಇದೇ ಹೆಚ್ಚು ಇಷ್ಟ.

ಹೂವುಗಳನ್ನು ಮಾತ್ರ ನಂಬುವಂತಿಲ್ಲ. ಶಂಖಪುಷ್ಪದ ನೀಲಿ ಸಾಬೂನಿಗೆ ಬಿದ್ದೊಡನೆ ಹಸಿರಾಗಿ, ಹಳದಿಯಾಗಿ, ಕೊನೆಗೆ ಮಂಕು ಕಂದಾಗುತ್ತದೆ. ದಾಸವಾಳದ ಕೆಂಪಿನದೂ ಅದೇ ಪಾಡು. ಹೂವಲ್ಲದಿದ್ದರೂ ಬೀಟ್‌ರೂಟಿನ ಗುಲಾಬಿಯೂ ಉಳಿಯುವುದಿಲ್ಲ. ಹೆಚ್ಚು ಬೇಸರ ತರುವುದು ಪುನರ್ಪುಳಿ. ಬೇಸಗೆಯ ಶರಬತ್ತಿನಲ್ಲಿ, ಸಾರಿನಲ್ಲಿ ಅಷ್ಟು ಚೆಲುವಾಗಿರುವ ಆ ಕೆಂಪಿಗೆ ಹುಳಿ ಬೇಕು, ಕ್ಷಾರ ಆಗದು. ಸಾಬೂನಿಗೆ ಬಂದರೆ ಬಣ್ಣ ಕೆಟ್ಟು ಕಂದಾಗುತ್ತದೆ. ಸಮಾಧಾನವೂ ಅದೇ ಹಣ್ಣಿನಲ್ಲಿದೆ. ನಮ್ಮವರು ಒಡೆದ ಹಿಮ್ಮಡಿಗೆ ಹಚ್ಚುವ ಅದರ ಬೀಜದ ಗಟ್ಟಿ ತುಪ್ಪ ತೆಂಗಿನೆಣ್ಣೆಯ ಜೊತೆ ಸೇರಿ ಸಾಬೂನಿಗೆ ಮೃದುತನ ಕೊಡುತ್ತದೆ. ಇಂಥ ತುಪ್ಪ ಸೇರಿಸಿದರೆ ಸೋಡಾದ ಲೆಕ್ಕ ಮತ್ತೆ ಹಾಕಬೇಕು, ಎಣ್ಣೆಯಿಂದ ಎಣ್ಣೆಗೆ ಅದು ಬೇರೆ. ಅಂದಹಾಗೆ, ಮೇಳಗಳ ಮಳಿಗೆಯಲ್ಲಿ ಹೂವಿನ ಹೆಸರು ಹೊತ್ತು ಪಳಪಳ ಹೊಳೆಯುವ ಗುಲಾಬಿ ಸಾಬೂನು ಕಂಡರೆ ನಾನು ಎರಡು ಸಲ ಮೂಸಿ ನೋಡಿ ಮುಂದೆ ಹೋಗುತ್ತೇನೆ.

ನಿಲ್ಲುವ ಬಣ್ಣಗಳು ಬೀಜದಲ್ಲಿ, ಮರದ ಚಕ್ಕೆಯಲ್ಲಿ, ಮಣ್ಣಿನಲ್ಲಿವೆ. ಬೇಲಿಬದಿಯ ಕುಂಕುಮಕಾಯಿಯನ್ನು ಬಿಡಿಸಿ, ಬೀಜಗಳನ್ನು ಬೆಚ್ಚಗಿನ ಎಣ್ಣೆಯಲ್ಲಿ ನೆನೆಹಾಕಿದರೆ ಎಣ್ಣೆಯೇ ಕಿತ್ತಳೆಯಾಗುತ್ತದೆ. ಸೋಸಿ ಬೀಜ ಬಿಸಾಡಿದರಾಯಿತು. ಕುಡಿಯುವ ನೀರು ಕುದಿಸಲು ಹಾಕುವ ಸಪ್ಪಂಗದ ಚಕ್ಕೆ ಕ್ಷಾರದಲ್ಲಿ ಇನ್ನಷ್ಟು ಗಾಢವಾಗಿ ನೇರಳೆಗೆ ವಾಲುತ್ತದೆ. ಮದರಂಗಿ ಸೊಪ್ಪಿನ ಪುಡಿಯಿಂದ ಕಂದು ಮಿಶ್ರಿತ ಹಸಿರು. ಶೇಡಿಮಣ್ಣು ಬಿಳುಪನ್ನು ಇನ್ನೂ ತಣ್ಣಗಾಗಿಸುತ್ತದೆ.

ಇವೆಲ್ಲಕ್ಕಿಂತ ನನ್ನ ಮನಸ್ಸು ಕೂತಿರುವುದು ಅಡಿಕೆಯ ಚೊಗರಿನ ಮೇಲೆ. ಪುತ್ತೂರಿನ ಕಡೆ ಹೆಚ್ಚಾಗಿ ಚಾಲಿ ಅಡಿಕೆ, ಅಂಗಳದ ಬಿಸಿಲಲ್ಲಿ ಒಣಗಿಸಿ ಸುಲಿಯುವುದು. ಹಸಿ ಅಡಿಕೆ ಬೇಯಿಸಿದಾಗ ಬಿಡುವ ಚೊಗರು ಮಲೆನಾಡಿನ ಸಂಪತ್ತು. ಹೆಗ್ಗೋಡಿನ ಚರಕ ಸಂಸ್ಥೆಯಲ್ಲಿ ಕೈಮಗ್ಗದ ಬಟ್ಟೆಗೂ ಅದರ ಬಣ್ಣ ಹತ್ತಿದೆ. ನಮ್ಮಲ್ಲಿ ಕೆಲವು ಎಳೆಯಡಿಕೆ ಕತ್ತರಿಸಿ ಕುದಿಸಿಕೊಂಡರೆ ಮನೆಗೆ ಬೇಕಾದಷ್ಟು ಸಿಗುತ್ತದೆ. ಕಬ್ಬಿಣದ ಪಾತ್ರೆ ಮಾತ್ರ ಬೇಡ, ಕಪ್ಪಾಗುತ್ತದೆ. ತಣಿದ ಚೊಗರನ್ನು ಸಾಬೂನಿಗೆ ಸೇರಿಸಿದರೆ ಮೊದಲು ಕಡುಗೆಂಪು ಹೊಳಪು ಮಿಂಚಿ, ಆಮೇಲೆ ಗಾಢ ಕಂದು ನೆಲೆಸುತ್ತದೆ. ಒಳಗೆಲ್ಲೋ ಕೆಂಪಿದೆಯೆಂದು ತಿಳಿಯುತ್ತದೆ, ಎಲ್ಲಿ ಎಂದು ತೋರಿಸಲಾಗದು.

ಮರುದಿನ ಕೊಯ್ಯುವಾಗ ಒಂದು ಚೆಂದ ಕಾದಿರುತ್ತದೆ. ಅಚ್ಚಿನಲ್ಲಿ ಸಾಬೂನು ತಾನೇ ಬಿಸಿಯೇರುತ್ತದೆ. ಶಾಖ ಅಂಚಿನವರೆಗೂ ತಲುಪದಿದ್ದರೆ ಹೋಳಿನ ನಡುವೆ ಕಡುಬಣ್ಣದ, ಅರೆಪಾರದರ್ಶಕವಾದ ಒಂದು ವೃತ್ತ, ಸುತ್ತ ತಿಳಿಬಣ್ಣ. ಮಾರುವವರು ಇದನ್ನು ದೋಷವೆನ್ನುತ್ತಾರೆ. ಮನೆಯ ಸಾಬೂನಿಗೆ ಇದು ಮರದ ತಿರುಳು ಕಂಡ ಹಾಗೆ. ಬೇಡವೆಂದರೆ ಅಚ್ಚಿಗೆ ಹಳೆ ಕಂಬಳಿ ಸುತ್ತಿದರೆ ಬಣ್ಣ ಪೂರ್ತಿ ಗಾಢ, ತಣ್ಣಗೆ ಇಟ್ಟರೆ ಪೂರ್ತಿ ತಿಳಿ.

ಹೋಳುಗಳು ನಾಲ್ಕರಿಂದ ಆರು ವಾರ ಗಾಳಿಯಾಡಬೇಕು. ಆಟಿ ತಿಂಗಳಲ್ಲಿ ಮಾಡಿದರೆ ಗಾಳಿಯ ತೇವ ಹೀರಿ ಮೈಮೇಲೆ ಹನಿ ಮೂಡುತ್ತದೆ, ಬಣ್ಣವೂ ಸಪ್ಪೆಯಾಗಿ ಕಾಣುತ್ತದೆ. ದೀಪಾವಳಿ ಕಳೆದ ಮೇಲಿನ ಒಣ ದಿನಗಳೇ ವಾಸಿ. ಕಪ್ಪು ಬೇಕೆನ್ನುವವರು ಗೆರಟೆಯ ಇದ್ದಿಲನ್ನು ಚೆನ್ನಾಗಿ ಅರೆದು, ಬಟ್ಟೆಯಲ್ಲಿ ಜರಡಿ ಹಿಡಿದು ಬಳಸಬಹುದು. ಕೈ ಮುಂದಾದರೆ ಸಾಬೂನು ಅಂದವಾಗಿಯೇ ಇರುತ್ತದೆ, ನೊರೆ ಮಾತ್ರ ಬೂದಿಯ ಬಣ್ಣ. ಆಗ ಬಚ್ಚಲುಕೊಟ್ಟಿಗೆಯಿಂದ ಬಿಳಿ ಬೈರಾಸನ್ನು ಮೊದಲೇ ತೆಗೆದಿಡುವುದು ಕ್ಷೇಮ.